ಓದುಗರ ಪ್ರಶ್ನೆ: ಜಿಪಿಎಸ್ ಬಾಣ ನಂಬಿ ಬೆಟ್ಟ ಇಳಿಯಬಹುದೇ?

ಪ್ರಶ್ನೆ: ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ಸ್ ಬೆಟ್ಟಗಳ ನಡುವಿನ ಲಾಖ್ ಏವನ್ ಸರೋವರದ ದಂಡೆಯಲ್ಲಿ ಜಿಯೊಕ್ಯಾಶ್ (ಯಾರೋ ಅಡಗಿಸಿಟ್ಟು, ಜಿಪಿಎಸ್ ಅಂಕಿ ಕೊಟ್ಟು ಹುಡುಕಲು ಬಿಟ್ಟ ಪೆಟ್ಟಿಗೆ) ಹುಡುಕುವ ಆಸೆ. ಕೋರಿ ಕಾಸ್ ಕಾರ್ ಪಾರ್ಕಿನಿಂದ ನೇರ ದೂರ ಐದು ಕಿ.ಮೀ.ಗೂ ಕಡಿಮೆ. ಅರ್ಧ ದಿನ ಸಾಕೇ?

ಉತ್ತರ: ಸಾಲದು, ಇಡೀ ದಿನ ಮೀಸಲಿಡಿ. ಕಾರ್ ಪಾರ್ಕ್ ಇರುವುದು ಸುಮಾರು 630 ಮೀ. ಎತ್ತರದಲ್ಲಿ, ಸರೋವರ ಸುಮಾರು 725 ಮೀ.ನಲ್ಲಿ. ಹೆಚ್ಚೇನೂ ಏರಿಲ್ಲ ಅನ್ನಿಸುತ್ತದೆ. ಆದರೆ ನಡುವೆ 1,100 ಮೀ. ಆಸುಪಾಸಿನ ಪ್ರಸ್ಥಭೂಮಿ ಅಡ್ಡಲಾಗಿದೆ. ಅದನ್ನು ಹತ್ತಿ ದಾಟಿ, ಕೋರಿ ರೇಬರ್ಟ್ ತೊರೆಯ ಪಕ್ಕದ ಕಡಿದಾದ, ಕಲ್ಲು ಜಾರುವ ಹಾದಿಯಲ್ಲಿ ಇಳಿಯಬೇಕು. ವಾಪಸ್ ಬರುವಾಗ ದಣಿದ ಕಾಲಲ್ಲಿ ಅಷ್ಟೂ ಇಳಿದದ್ದನ್ನು, ಅಂದರೆ ಸುಮಾರು 375 ಮೀ., ಮತ್ತೆ ಹತ್ತಬೇಕು. ಕಿ.ಮೀ.ಗೆ 12 ನಿಮಿಷ, ಪ್ರತಿ 10 ಮೀ. ಏರಿಗೆ ಇನ್ನೊಂದು ನಿಮಿಷ ಲೆಕ್ಕ ಹಾಕಿ. ಹುಡುಕುವ ಹೊತ್ತು ಅದರ ಮೇಲೆ. ಈ ಇಳಿಜಾರುಗಳಲ್ಲಿ ವಸಂತ ಕಳೆದರೂ ಗಟ್ಟಿ ಹಿಮ ಉಳಿದಿರಬಹುದು. ಐಸ್ ಆಕ್ಸ್ (ಹಿಮಕ್ಕೆ ಊರುವ ಕೊಡಲಿ), ಕ್ರ್ಯಾಂಪಾನ್ (ಬೂಟಿಗೆ ಕಟ್ಟುವ ಮುಳ್ಳುಪಟ್ಟಿ) ಇಲ್ಲದೆ ಅದರ ಮೇಲೆ ಕಾಲಿಡಬೇಡಿ. (ಅಂದ ಹಾಗೆ, ಬರೆಯುವುದು ಏವನ್ ಆದರೂ ಅಲ್ಲಿಯವರ ಬಾಯಲ್ಲಿ ಅದು ‘ಆನ್’.)

ಪ್ರಶ್ನೆ: ಇಂಥ ಕಣಿವೆಯಲ್ಲಿ ಜಿಪಿಎಸ್ ಉಪಕರಣದ ದಿಕ್ಕು ತೋರುವ ಬಾಣ ಬಂಡೆಗಳ ನಡುವೆ ಅತ್ತಿತ್ತ ಹಾರುವುದೇಕೆ?

ಉತ್ತರ: ಹಿಮನದಿ ಕೊರೆದ ಕಣಿವೆ ದೋಣಿಯ ಹಾಗೆ: ಎರಡೂ ಕಡೆ ಕಡಿದಾದ ಗೋಡೆ, ಮೇಲೆ ಪಟ್ಟಿಯಷ್ಟೇ ಆಕಾಶ. ಹಲವು ಉಪಗ್ರಹಗಳು ಮರೆಯಾಗುತ್ತವೆ. ಕೆಲವು ಸಂಕೇತಗಳು ಬಂಡೆಗೆ ಬಡಿದು ಸುತ್ತಿ ಬರುವುದರಿಂದ ತಡವಾಗಿ ತಲುಪುತ್ತವೆ. ಆ ತಡವನ್ನು ಉಪಕರಣ ದೂರವೆಂದು ಎಣಿಸಿ ತಪ್ಪು ಜಾಗ ತೋರಿಸುತ್ತದೆ. 15 ಮೀ. ಉಳಿದಾಗ ಬಾಣ ಬಿಟ್ಟು ಎರಡು ಮೂರು ನಿಮಿಷ ನಿಂತಲ್ಲೇ ನಿಲ್ಲಿ. ಆಮೇಲೆ 30 ಮೀ. ಹಿಂದೆ ಸರಿದು ಬೇರೆ ಬೇರೆ ದಿಕ್ಕಿನಿಂದ ಬನ್ನಿ, ಬಾಣಗಳು ಕೂಡುವ ಕಡೆ ಹುಡುಕಿ. ಅಡಗಿಸಿದವರ ಅಳತೆಯಲ್ಲೂ ಇದೇ ದೋಷ ಇರುತ್ತದೆ ಎಂಬುದು ನೆನಪಿರಲಿ.

ಉಪಕರಣಕ್ಕೆ ಅಕ್ಷಾಂಶದ ಅಂಕಿ ತುಂಬುವಾಗಲೂ ಎಡವುತ್ತಾರೆ. 57° 06.500′ (57 ಡಿಗ್ರಿ, 6.5 ಮಿನಿಟು; 60 ಮಿನಿಟಿಗೆ ಒಂದು ಡಿಗ್ರಿ) ಎಂಬುದನ್ನು 57.06500° ಎಂದು ಹಾಕಿದರೆ ಸುಮಾರು 4.8 ಕಿ.ಮೀ. ದಕ್ಷಿಣಕ್ಕೆ ಹೋಗುತ್ತೀರಿ, ಸರಿಯಾದದ್ದು 57.10833°.

ಕಲ್ಲುಗಳನ್ನು ಕಣ್ಣಿನಿಂದ ಓದಿ. ಅಲುಗದೆ ಬಿದ್ದ ಬಂಡೆಯ ಮೇಲೆ ಬೂದು-ಹಸಿರು ಕಲ್ಲುಹೂವು ಹರಡಿರುತ್ತದೆ. ಮನುಷ್ಯರು ಎತ್ತಿಟ್ಟ ಕಲ್ಲಿನಲ್ಲಿ ಬೋಳು ಮುಖ, ಒಣಗಿದ ಮಣ್ಣಿನ ಗೆರೆ ಹೊರಗೆ ಬಂದಿರುತ್ತದೆ. ಕೈಗೆ ಸಿಗುವ ಸಣ್ಣ ಕಲ್ಲನ್ನಷ್ಟೇ ತೆಗೆದು ಹಾಗೇ ಮುಚ್ಚಿ. ದೊಡ್ಡ ಬಂಡೆ ಅಲುಗಿಸುವುದು ಅಪಾಯ.

ಪ್ರಶ್ನೆ: ಪೆಟ್ಟಿಗೆಯೊಳಗಿನ ಲಾಗ್ ಪುಸ್ತಕ (ಹುಡುಕಿದವರು ಸಹಿ ಹಾಕುವ ಪುಸ್ತಕ) ಏಕೆ ಸದಾ ಒದ್ದೆ?

ಉತ್ತರ: ಮುಚ್ಚಳದ ರಬ್ಬರ್ ಪಟ್ಟಿಯನ್ನು ಬೆರಳಲ್ಲಿ ಸವರಿ ನೋಡಿ. ಒಂದು ಮರಳಿನ ಕಾಳು ಅಥವಾ ಪುಸ್ತಕ ಇಟ್ಟ ಚೀಲದ ಅಂಚು ಅಲ್ಲಿ ಸಿಕ್ಕಿಕೊಂಡರೆ ನೀರಿಗೆ ದಾರಿ. ತೇವ ಹೀರುವ ಸಿಲಿಕಾ ಜೆಲ್ ಇದಕ್ಕೆ ಪರಿಹಾರವಲ್ಲ, ಬೇಗ ತೇವ ತುಂಬಿಹೋಗುತ್ತದೆ. ತೆಳು ಪ್ಲಾಸ್ಟಿಕ್ ಡಬ್ಬಿ ಚಳಿಗೆ ಪೆಡಸಾಗಿ ಸೀಳುತ್ತದೆ. ರಬ್ಬರ್ ಪಟ್ಟಿಯಿರುವ ಲೋಹದ ಪೆಟ್ಟಿಗೆ ಬಾಳಿಕೆ ಬರುತ್ತದೆ. ಪೆನ್ನಿಗಿಂತ ಪೆನ್ಸಿಲ್ ಇಡಿ, ಒದ್ದೆಯಾದರೂ ಬರಹ ಕದಡುವುದಿಲ್ಲ. ಮಳೆಯಲ್ಲಿ ಸಹಿ ಹಾಕುವಾಗ ಪೆಟ್ಟಿಗೆ ಜಾಕೆಟ್ಟಿನ ಮರೆಯಲ್ಲಿರಲಿ.