ತಾಮ್ರದ ಗುಂಡು ಕೈಕೊಟ್ಟು ಜಿಂಕೆ ತಪ್ಪಿಹೋಯಿತು. ಮುಂದಿನ ಸೀಸನ್‌ಗೆ ಹೆಚ್ಚು ಶಕ್ತಿಯ ಮ್ಯಾಗ್ನಮ್ ರೈಫಲ್ ತಗೊಳ್ಳಬೇಕಾ?

.308 ಅಳತೆಯ ರೈಫಲ್, ಸೀಸ ಬಿಟ್ಟು ಹೊಸದಾಗಿ ತಾಮ್ರದ ಗುಂಡು, ಜಿಂಕೆ ಬೆನ್ನು ಗೂನು ಮಾಡಿಕೊಂಡು ಓಡಿತು, ಕತ್ತಲಾಗುವವರೆಗೆ ಹುಡುಕಿದರೂ ಸಿಗಲಿಲ್ಲ. ನಿಮ್ಮ ಪ್ರಶ್ನೆಯ ಈ ನಾಲ್ಕು ಸಾಲು ಓದುವಾಗ ನನ್ನ ಎದೆ ಧಸಕ್ಕೆಂದಿತು. ಇದು ನನ್ನ 2016ರ ನವೆಂಬರ್.

ನಾನು ಕೊಡಗಿನವನು, ಈಗ ಇರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಊರಿನ ಮನೆಯಲ್ಲಿ ಕೋವಿ ಇತ್ತು. ಕೈಲ್ ಪೊಳ್ದ್ (ನಮ್ಮ ಆಯುಧ ಪೂಜೆಯ ಹಬ್ಬ) ದಿನ ಅದಕ್ಕೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ಆದರೆ ಬೇಟೆ ಅನ್ನುವುದನ್ನು ನಾನು ಊರಲ್ಲಿ ಒಂದು ದಿನವೂ ಮಾಡಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಜ್ಜನೇ ಬಿಟ್ಟಿದ್ದರು. ನನ್ನ ಕಾಲಕ್ಕೆ ಉಳಿದಿದ್ದು ಹಬ್ಬದ ದಿನ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅದರಲ್ಲಿ ನನ್ನ ಗುರಿ ಚೆನ್ನಾಗಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ನನ್ನ ಕಣ್ಣು ಕಟ್ಟಿದ್ದು ಆ ಹೆಮ್ಮೆಯೇ. ಜಿಂಕೆ ತಪ್ಪಿದಾಗ ತಪ್ಪು ನನ್ನ ಕಡೆ ಇರಬಹುದು ಅನ್ನುವ ಯೋಚನೆಯೇ ಬರಲಿಲ್ಲ.

ಇಲ್ಲಿ ಬೇಟೆ ಕಾನೂನುಬದ್ಧ. ತರಬೇತಿ ಮುಗಿಸಿ, ಪರವಾನಗಿ ಮತ್ತು ಜಿಂಕೆ ಹೊಡೆಯುವ ಅನುಮತಿ ತಗೊಂಡು, ಎದ್ದು ಕಾಣುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಜಾಕೆಟ್ ಹಾಕಿಕೊಂಡು ಹೋಗಬೇಕು. ಕೋವಿ ಸೀಸನ್ ಒಂಬತ್ತು ದಿನ, ನವೆಂಬರ್ ಕೊನೆಯ ಹೊತ್ತಿಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರು. ನಾನು ಹೋಗುವುದು ಪರಿಚಯದ ಒಬ್ಬ ರೈತರ ಜಮೀನಿಗೆ. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಅವರ ಬಗ್ಗೆ ಆಮೇಲೆ ಹೇಳುತ್ತೇನೆ.

ಮೊದಲ ಮೂರು ವರ್ಷ ಸೀಸದ ಸಾಫ್ಟ್ ಪಾಯಿಂಟ್ (ಮೆತ್ತನೆ ತುದಿಯ) ಗುಂಡನ್ನೇ ಬಳಸಿದೆ. 150 ಗ್ರೇನ್, ಅಂದರೆ ಸುಮಾರು 9.7 ಗ್ರಾಂ. ಏನೂ ತೊಂದರೆ ಇರಲಿಲ್ಲ. ಅಷ್ಟರಲ್ಲಿ ಮಗಳಿಗೆ ಒಂದೂವರೆ ವರ್ಷವಾಯಿತು, ಮಾಂಸ ತಿನ್ನಲು ಶುರು ಮಾಡಿದಳು. ಸೀಸದ ಗುಂಡು ಪ್ರಾಣಿಯ ಒಳಗೆ ಚೂರಾಗಿ ಗಾಯದಿಂದ ಗೇಣುದ್ದ ಆಚೆಗೂ ಹರಡುತ್ತದೆ. ಎಕ್ಸ್‌ರೇಯಲ್ಲಿ ನೋಡಿದರೆ ಹಿಮ ಚೆಲ್ಲಿದ ಹಾಗೆ ಕಾಣುತ್ತದೆ. ಬೆರಳಿಗೆ ಸಿಗುವುದಿಲ್ಲ, ಹಲ್ಲಿಗೂ ಸಿಗುವುದಿಲ್ಲ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ದಾನವಾಗಿ ಬಂದ ಜಿಂಕೆ ಮಾಂಸದಲ್ಲಿ ಸೀಸದ ಚೂರು ಸಿಕ್ಕಿ, ಅದನ್ನು ಬಡವರಿಗೆ ಹಂಚಬೇಡಿ ಎಂದು ಆರೋಗ್ಯ ಇಲಾಖೆ ಹೇಳಿತ್ತು. ಅದನ್ನು ಓದಿದ ಮೇಲೆ, ಕಾಚಂಪುಳಿ ಹಾಕಿ ಮಾಡಿದ ಪಲ್ಯವನ್ನು ಮಗಳ ತಟ್ಟೆಗೆ ಬಡಿಸಲು ಕೈ ಬರಲಿಲ್ಲ. ತಾಮ್ರಕ್ಕೆ ಬದಲಾಯಿಸಿದೆ. ಆ ನಿರ್ಧಾರ ಸರಿಯೇ ಇತ್ತು. ಇವತ್ತಿಗೂ ಸರಿ ಅನ್ನುತ್ತೇನೆ.

ತಪ್ಪಿದ್ದು ಎಲ್ಲಿ ಅಂದರೆ ಇಲ್ಲಿ. ಗುರುವಾರ ಸಂಜೆ ಹೊಸ ಡಬ್ಬಿ ತಂದೆ. ಮೇಜಿನ ಮೇಲೆ ಎರಡು ಡಬ್ಬಿ ಪಕ್ಕಪಕ್ಕ ಇಟ್ಟು ನೋಡಿದೆ. ಹಳೆಯದರ ಮೇಲೆ .308 ವಿಂಚೆಸ್ಟರ್, 150 ಗ್ರೇನ್. ಹೊಸದರ ಮೇಲೂ ಅದೇ. ವೇಗವೂ ಹೆಚ್ಚುಕಡಿಮೆ ಒಂದೇ. ತೂಕ ಒಂದೇ, ವೇಗ ಒಂದೇ ಅಂದ ಮೇಲೆ ಬೀಳುವ ಜಾಗವೂ ಒಂದೇ ಅಂದುಕೊಂಡೆ. ಶುಕ್ರವಾರ ಮಧ್ಯಾಹ್ನ ರಜೆ ಇತ್ತು. ಶೂಟಿಂಗ್ ರೇಂಜ್ ಮನೆಯಿಂದ ಇಪ್ಪತ್ತು ನಿಮಿಷ. ಹೋಗಲಿಲ್ಲ. ಡಬ್ಬಿಗೆ ನಲವತ್ತು ಡಾಲರ್ ಮೇಲೆ ಕೊಟ್ಟಿದ್ದೆ, ಕಾಗದಕ್ಕೆ ಹೊಡೆದು ಸುಮ್ನೆ ದಂಡ ಮಾಡುವುದು ಯಾಕೆ ಅನ್ನಿಸಿತು. ಹೊಸ ಗುಂಡು ಎಲ್ಲಿ ಬೀಳುತ್ತದೆ ಅಂತ ನೋಡಲು ಮೂರು ತೋಟಾ ಸಾಕಿತ್ತು. ಬರೀ ಮೂರು.

ತಾಮ್ರ ಸೀಸಕ್ಕಿಂತ ಹಗುರ ಲೋಹ. ಹಾಗಾಗಿ ಅದೇ 150 ಗ್ರೇನ್ ತೂಕ ಬರಬೇಕಾದರೆ ತಾಮ್ರದ ಗುಂಡು ಉದ್ದವಾಗಿರಲೇಬೇಕು. ಉದ್ದದ ಗುಂಡು ನಳಿಗೆಯನ್ನು ಬೇರೆ ರೀತಿ ಉಜ್ಜಿಕೊಂಡು ಹೋಗುತ್ತದೆ. ಗುಂಡು ಹಾರುವ ಆ ಗಳಿಗೆಯಲ್ಲಿ ನಳಿಗೆ ಮೀಟಿದ ತಂತಿಯ ಹಾಗೆ ಅದುರುತ್ತಿರುತ್ತದೆ. ಗುಂಡು ಬಾಯಿಂದ ಹೊರಬರುವ ಕ್ಷಣಕ್ಕೆ ನಳಿಗೆಯ ಬಾಯಿ ಯಾವ ಕಡೆಗೆ ವಾಲಿತ್ತು ಅನ್ನುವುದರ ಮೇಲೆ ಗುಂಡು ಬೀಳುವ ಜಾಗ ನಿಂತಿದೆ. ಗುಂಡು ಬದಲಾದರೆ, ಒಳಗಿನ ಮದ್ದು ಬದಲಾದರೆ, ಆ ಕ್ಷಣ ಬದಲಾಗುತ್ತದೆ. ಒಂದು ರೈಫಲ್‌ನಲ್ಲಿ ವ್ಯತ್ಯಾಸ ಅರ್ಧ ಇಂಚು, ಇನ್ನೊಂದರಲ್ಲಿ ನಾಲ್ಕು ಇಂಚು. ನಿಮ್ಮದರಲ್ಲಿ ಎಷ್ಟು ಅಂತ ಡಬ್ಬಿಯ ಮೇಲೆ ಬರೆದಿರುವುದಿಲ್ಲ, ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಹೊಡೆದೇ ತಿಳಿಯಬೇಕು. ಇಷ್ಟು ಸರಳ ವಿಷಯ ನನಗೆ ಎರಡು ವರ್ಷ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಏಳೂ ಕಾಲಿರಬೇಕು. ಅಟ್ಟಣೆಯಿಂದ ಸುಮಾರು 110 ಗಜ ದೂರದಲ್ಲಿ, ಓಕ್ ಮರಗಳ ಅಂಚಿಗೆ ಒಂದು ಹೆಣ್ಣು ಜಿಂಕೆ ಬಂದು ಅಡ್ಡಲಾಗಿ ನಿಂತಿತು. ಮುಖ ಎಡಕ್ಕೆ. ಗಾಳಿ ಇರಲಿಲ್ಲ. ಮುಂಗಾಲಿನ ಹಿಂದೆ, ಎದೆಯ ನಡುಮಟ್ಟಕ್ಕೆ ಗುರಿ ಇಟ್ಟು ಕುದುರೆ (ಟ್ರಿಗರ್) ಎಳೆದೆ. ಜಿಂಕೆ ಬೆನ್ನು ಮೇಲಕ್ಕೆ ಗೂನು ಮಾಡಿತು. ಒಂದೆರಡು ಹೆಜ್ಜೆ ನಡೆಯಿತು, ಆಮೇಲೆ ಬಾಲ ಇಳಿಸಿಕೊಂಡು ಓಡಿತು.

ಈಗ ನೆನೆದರೆ ಎಲ್ಲ ಗುರುತೂ ಕಣ್ಣೆದುರೇ ಇತ್ತು. ಬೆನ್ನು ಗೂನು ಮಾಡುವುದು ಹೊಟ್ಟೆಗೆ ಪೆಟ್ಟು ಬಿದ್ದದ್ದರ ಲಕ್ಷಣ. ಜಿಂಕೆ ನಿಂತಿದ್ದ ಜಾಗದಲ್ಲಿ ರಕ್ತ ನಾಲ್ಕು ಹನಿ ಅಷ್ಟೇ. ಅದರಲ್ಲಿ ಹಸಿರು ಬೆರೆತಿತ್ತು, ಜಗಿದ ಹುಲ್ಲಿನ ಹುಳಿ ವಾಸನೆ ಇತ್ತು. ಶ್ವಾಸಕೋಶಕ್ಕೆ ಬಿದ್ದಿದ್ದರೆ ರಕ್ತ ನಸುಗೆಂಪಾಗಿ, ನೊರೆ ನೊರೆಯಾಗಿ ಇರಬೇಕಿತ್ತು. ಹೊಟ್ಟೆಗೆ ಬಿದ್ದ ಜಿಂಕೆ ಹತ್ತಿರದಲ್ಲೇ ಮಲಗುತ್ತದೆ. ಎಂಟು ಹತ್ತು ಗಂಟೆ ಅದರ ಪಾಡಿಗೆ ಬಿಟ್ಟರೆ ಮಲಗಿದ ಕಡೆಯೇ ಸಿಗುತ್ತದೆ. ನಾನು ಹದಿನೈದು ನಿಮಿಷಕ್ಕೆ ಇಳಿದು ಹಿಂದೆ ಬಿದ್ದೆ. ಯಾಕೆಂದರೆ ನನ್ನ ಲೆಕ್ಕದಲ್ಲಿ ಗುಂಡು ಎದೆಗೇ ಬಿದ್ದಿತ್ತು, ಬೇರೆಲ್ಲೂ ಬೀಳಲು ಸಾಧ್ಯವೇ ಇರಲಿಲ್ಲ. ಪೊದೆಯಿಂದ ಅದನ್ನು ಎಬ್ಬಿಸಿದೆ. ಅದು ಜೌಗು ಪ್ರದೇಶಕ್ಕೆ ಇಳಿಯಿತು. ಸಂಜೆ ಹಿಮ ಬಿತ್ತು, ಜಾಡು ಮುಚ್ಚಿಹೋಯಿತು. ಭಾನುವಾರ ಇಡೀ ದಿನ ಹುಡುಕಿದೆ. ಆ ಜಿಂಕೆ ಎಷ್ಟು ಗಂಟೆ ನರಳಿತೋ ಅನ್ನುವುದು ಈಗಲೂ ಒಮ್ಮೊಮ್ಮೆ ನಿದ್ದೆ ಕೆಡಿಸುತ್ತದೆ.

ಮನೆಗೆ ಬಂದವನು ಹೇಳಿದ್ದು ನೀವು ಹೇಳಿದ್ದನ್ನೇ. "ತಾಮ್ರದ ಗುಂಡು ಅರಳಲಿಲ್ಲ, ಸೂಜಿ ಹಾಗೆ ದಾಟಿಹೋಯಿತು." ಬೇಟೆಯ ಗುಂಡು ಮೈಯೊಳಗೆ ಹೋದ ಮೇಲೆ ತುದಿ ಬಿಚ್ಚಿಕೊಂಡು ಅಗಲವಾಗಬೇಕು, ಅದಕ್ಕೇ ಅರಳುವುದು ಅನ್ನುವುದು. ಎರಡು ವರ್ಷ ಸಿಕ್ಕಿದವರಿಗೆಲ್ಲ ಇದನ್ನೇ ಹೇಳಿದೆ. ಕೇಳಿದ ಇಬ್ಬರು ಗೆಳೆಯರು ತಾಮ್ರ ಬಿಟ್ಟರು. ನಾನು .308 ಅನ್ನು ಬೀರುವಿನಲ್ಲಿಟ್ಟು .300 ವಿಂಚೆಸ್ಟರ್ ಮ್ಯಾಗ್ನಮ್ ಕೊಂಡೆ, ಮತ್ತೆ ಸೀಸಕ್ಕೇ ಹೋದೆ. ಅದು ಹೆಗಲಿಗೆ ಒದೆಯುವ ಒದೆತಕ್ಕೆ, ಮೂರನೇ ಸುತ್ತಿನಿಂದ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳಲು ಶುರುವಾಯಿತು. 2017ರಲ್ಲಿ ಒಂದು ಗಂಡು ಜಿಂಕೆ ಹತ್ತಿರದಲ್ಲೇ ನಿಂತಿದ್ದರೂ ಪೂರ್ತಿ ತಪ್ಪಿತು. ಅದೇ ಒಳ್ಳೆಯದಾಯಿತು, ಗಾಯವಾದರೂ ಆಗಲಿಲ್ಲ.

2018ರ ಅಕ್ಟೋಬರ್‌ನಲ್ಲಿ ಆ ರೈತರ ಕೊಟ್ಟಿಗೆಯಲ್ಲಿ ಕೂತು ಮತ್ತೆ ಅದೇ ಕತೆ ಹೇಳುತ್ತಿದ್ದೆ. ಅವರು ಪೂರ್ತಿ ಕೇಳಿ ಕೇಳಿದರು:

"ಆ ಡಬ್ಬಿ ಇನ್ನೂ ಇದೆಯಾ?"

"ಇದೆ. ಹತ್ತೊಂಬತ್ತು ಉಳಿದಿವೆ."

"ಅಂದರೆ ಆ ಡಬ್ಬಿಯಿಂದ ನೀನು ಹೊಡೆದ ಮೊದಲ ಗುಂಡೇ ಜಿಂಕೆಗೆ?"

ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಮರುದಿನ .308 ರೈಫಲ್, ಹಳೆಯ ಹೊಸ ಎರಡೂ ಡಬ್ಬಿ ತಂದೆವು. 2016ರಿಂದ ಅದರ ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಮುಟ್ಟಿರಲಿಲ್ಲ. 100 ಗಜಕ್ಕೆ ಮೊದಲು ಹಳೆಯ ಸೀಸದ ಗುಂಡು ಮೂರು ಹೊಡೆಸಿದರು. ಮೂರೂ ನಾನು ಅಂದು ಹೊಂದಿಸಿದ್ದ ಜಾಗಕ್ಕೇ, ಚುಕ್ಕೆಯಿಂದ ಒಂದೂವರೆ ಇಂಚು ಮೇಲೆ ಬಿದ್ದವು. ಆಮೇಲೆ ತಾಮ್ರದ್ದು ಐದು. ಐದೂ ಒಟ್ಟಿಗೆ, ನನ್ನ ಮುಷ್ಟಿಯಲ್ಲಿ ಮುಚ್ಚುವಷ್ಟು ಹತ್ತಿರ ಬಿದ್ದವು. ಗುಂಡಿನಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಬಿದ್ದಿದ್ದು ಸೀಸ ಬಿದ್ದ ಜಾಗದಿಂದ ನಾಲ್ಕು ಇಂಚು ಬಲಕ್ಕೆ, ಎರಡು ಇಂಚು ಕೆಳಗೆ. ಎಡಕ್ಕೆ ಮುಖ ಮಾಡಿ ನಿಂತ ಜಿಂಕೆಗೆ ಬಲ ಅಂದರೆ ಹಿಂದಕ್ಕೆ, ಅಂದರೆ ಎದೆ ದಾಟಿ ಹೊಟ್ಟೆಗೆ. ಅದರ ಮೇಲೆ ನನ್ನ ಕೈಯ ಒಂದು ಇಂಚು ಸೇರಿದ್ದರೂ ಸಾಕು.

ಅರಳುವುದೋ ಇಲ್ಲವೋ ಅನ್ನುವುದನ್ನೂ ಅವತ್ತೇ ನೋಡಿದೆವು. ಖಾಲಿ ಹಾಲಿನ ಕ್ಯಾನುಗಳಿಗೆ ನೀರು ತುಂಬಿ ಒಂದರ ಹಿಂದೆ ಒಂದು ಸಾಲಾಗಿಟ್ಟು ಹೊಡೆದೆವು. ಸಿಕ್ಕಿದ ಗುಂಡು ನಾಲ್ಕು ದಳ ಬಿಚ್ಚಿ ಹೂವಿನ ಹಾಗೆ ಅರಳಿತ್ತು. ಸಣ್ಣ ತಕ್ಕಡಿಯಲ್ಲಿ ತೂಗಿದರೆ 9.6 ಗ್ರಾಂ. ಕಳೆದುಕೊಂಡಿದ್ದು ಏನೂ ಇಲ್ಲ. ಎರಡು ವರ್ಷ ನಾನು ದೂರಿದ್ದು ಇದನ್ನು.

ಹಾಗಾದರೆ ಗುಂಡು ಕೈಕೊಡುವುದೇ ಇಲ್ಲವಾ? ಕೊಡುತ್ತದೆ. ಜಾನ್ ನೋಸ್ಲರ್ ಎಂಬ ಬೇಟೆಗಾರ 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ (ಜಿಂಕೆ ಜಾತಿಯ ಭಾರೀ ಪ್ರಾಣಿ) ಬೇಟೆಗೆ ಹೋಗಿದ್ದರು. ಮೂಸ್ ಮೈಗೆ ಕೆಸರು ಒಣಗಿ ಕವಚದ ಹಾಗೆ ಹತ್ತಿಕೊಂಡಿತ್ತು. ಹೊಡೆದ ಗುಂಡು ಒಳಗೆ ಇಳಿಯುವ ಮೊದಲೇ ಒಡೆದುಹೋಗುತ್ತಿತ್ತು. ಅವರ ಕೈಯಲ್ಲಿದ್ದದ್ದು .300 ಮ್ಯಾಗ್ನಮ್ಮೇ! ಅವರು ಇನ್ನೂ ದೊಡ್ಡ ರೈಫಲ್ ಹುಡುಕಲಿಲ್ಲ. ಗುಂಡಿನ ನಡುವೆ ಒಂದು ಗೋಡೆ ಇಟ್ಟು, ಮುಂದಿನ ಭಾಗ ಅರಳಿದರೂ ಹಿಂದಿನದು ಗಟ್ಟಿಯಾಗಿ ಮುಂದಕ್ಕೆ ನುಗ್ಗುವ ಹಾಗೆ ಮಾಡಿದರು. ಅದೇ ಪಾರ್ಟಿಷನ್ ಗುಂಡು. ಇಂದಿಗೂ ಸಿಗುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮ್ಯಾಗ್ನಮ್ ತಗೊಳ್ಳಬೇಡಿ. ಜಿಂಕೆಗೆ .308 ಧಾರಾಳವಾಯಿತು. 1952ರಿಂದ ಜನ ಅದರಲ್ಲೇ ಹೊಡೆಯುತ್ತಿದ್ದಾರೆ. ಹೊಟ್ಟೆಗೆ ಬಿದ್ದ ಗುಂಡು ಯಾವ ರೈಫಲ್‌ನಿಂದ ಬಂದರೂ ಹೊಟ್ಟೆಗೆ ಬಿದ್ದ ಗುಂಡೇ. ಎಲ್ಕ್, ಮೂಸ್‌ನಂಥ ದೊಡ್ಡ ಪ್ರಾಣಿ ಹೊಡೆಯುವ ಯೋಚನೆ ಇದ್ದರೆ ಬೇರೆ ಮಾತು. ಆಗಲೂ ನಾನು ಮೊದಲು ಗುಂಡು ಬದಲಾಯಿಸುತ್ತೇನೆ, ರೈಫಲ್ ಅಲ್ಲ.

ತಾಮ್ರದ ಬಗ್ಗೆ ಒಂದು ಮಾತು ನಿಜ. ಅದು ಅರಳಲು ವೇಗ ಬೇಕು. ಹೆಚ್ಚಿನವು ಸೆಕೆಂಡಿಗೆ ಸುಮಾರು 1800ರಿಂದ 2000 ಅಡಿಗಿಂತ ಕೆಳಗೆ ಬಂದರೆ ಸರಿಯಾಗಿ ಅರಳುವುದಿಲ್ಲ. ಆದರೆ .308ನಲ್ಲಿ ನಿಮ್ಮ ಹಾಗೆ ನೂರು ಗಜದ ಆಸುಪಾಸಿನಲ್ಲಿ ಹೊಡೆದರೆ ವೇಗ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಬೇಕಿದ್ದರೆ 130 ಗ್ರೇನ್ ತಗೊಳ್ಳಿ. ತಾಮ್ರದಲ್ಲಿ ತೂಕ ಇಳಿಸಿ ವೇಗ ಏರಿಸುವುದು ಸರಿಯಾದ ದಾರಿ.

"ಗುಂಡು ಬಿದ್ದ ಕೂಡಲೇ ಜಿಂಕೆ ಅಲ್ಲೇ ಕುಸಿಯಬೇಕು, ಓಡಿದರೆ ಗುಂಡು ಸರಿ ಇಲ್ಲ" ಅಂತಲೂ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಎರಡೂ ಶ್ವಾಸಕೋಶ ತೂತಾದ ಜಿಂಕೆಯ ಮಿದುಳಿಗೂ ಹತ್ತು ಹದಿನೈದು ಸೆಕೆಂಡಿನ ಉಸಿರು ಉಳಿದಿರುತ್ತದೆ. ಅಷ್ಟರಲ್ಲಿ ಅದು ನೂರು ಗಜ ಓಡಬಲ್ಲದು. 2018ರಲ್ಲಿ ಅದೇ ಡಬ್ಬಿಯ ಗುಂಡಿಗೆ ಸ್ಕೋಪ್ ಹೊಂದಿಸಿಕೊಂಡು ಹೊಡೆದೆ. ಜಿಂಕೆ ಅರವತ್ತು ಹೆಜ್ಜೆ ಓಡಿ ಬಿತ್ತು. ಹಿಮದ ಮೇಲೆ ರಕ್ತದ ಜಾಡು ಎರಡೂ ಕಡೆ ಚೆಲ್ಲಿತ್ತು. ಗುಂಡು ಪಕ್ಕೆಲುಬಿನಿಂದ ಹೊಕ್ಕು ಆಚೆ ಕಡೆ ಹೊರಟುಹೋಗಿತ್ತು. ಹೆಗಲಿನ ಮಾಂಸ ಒಂದಿಷ್ಟೂ ಹಾಳಾಗಿರಲಿಲ್ಲ. ಮಗಳಿಗೆ ಆಗ ಮೂರೂವರೆ ವರ್ಷ, ಎರಡು ಸಲ ಹಾಕಿಸಿಕೊಂಡು ತಿಂದಳು. ಆ ಇಬ್ಬರು ಗೆಳೆಯರಿಗೂ ಫೋನ್ ಮಾಡಿ, ನಾನು ಹೇಳಿದ್ದು ಸುಳ್ಳಾಗಿತ್ತು ಅಂತ ತಿಳಿಸಿದೆ.

ರೈಫಲ್ ಅಂಗಡಿಗೆ ಹೋಗುವ ಮೊದಲು ನಿಮ್ಮ ಡಬ್ಬಿಯಲ್ಲಿ ಉಳಿದದ್ದನ್ನು ತಗೊಂಡು ರೇಂಜ್‌ಗೆ ಹೋಗಿ. ಸ್ಕೋಪ್ ಮುಟ್ಟಬೇಡಿ. ಮೊದಲು ಹಳೆಯ ಗುಂಡು ಮೂರು, ಆಮೇಲೆ ಹೊಸದು ಮೂರು, ಒಂದೇ ಕಾಗದಕ್ಕೆ. ಎಷ್ಟು ಇಂಚು, ಯಾವ ಕಡೆ ಸರಿದಿದೆ ಅಂತ ಅಳೆದು ಇಲ್ಲಿ ಬರೆಯಿರಿ. ನಿಮ್ಮ ಜಿಂಕೆ ಯಾವ ಕಡೆಗೆ ಮುಖ ಮಾಡಿ ನಿಂತಿತ್ತು ಅನ್ನುವುದನ್ನೂ ಬರೆಯಿರಿ.