ಹೊಸ ಟ್ರಾಲರ್ ಯಾಟ್: ಸಹಿ ಹಾಕುವ ಮುನ್ನ, ಸಾಮಾನು ಕೂರಿಸುವ ಮುನ್ನ

ಪ್ರಶ್ನೆ: ನಾನು ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ 27 ವರ್ಷ ದುಡಿದು ನಿವೃತ್ತನಾದವನು. ಅಮೆರಿಕದ ಸಿಯಾಟಲ್ ಬಳಿ ನೆಲೆಸಿರುವ ಮಗಳು ಮತ್ತು ಅಳಿಯಂದಿರು 40 ಅಡಿ ಉದ್ದದ ಟ್ರಾಲರ್ ಯಾಟ್ ಒಂದನ್ನು ಕಟ್ಟಲು ಕೊಟ್ಟಿದ್ದಾರೆ. ತೈವಾನಿನಲ್ಲಿ ತಯಾರಾಗುತ್ತಿರುವ ಅದು ಬರುವ ಬೇಸಗೆಯಲ್ಲಿ ಸರಕು ಹಡಗಿನ ಮೇಲೆ ಬಂದಿಳಿಯುತ್ತದಂತೆ. ಆಗ ನಾನೂ ನಮ್ಮ ಮನೆಯವರೂ ಅಲ್ಲಿರುತ್ತೇವೆ. ವಶಕ್ಕೆ ಪಡೆಯುವಾಗ ಏನೇನು ನೋಡಬೇಕು? ಕೂಡಲೇ ಹಾಕಿಸಬೇಕೆಂದು ಅಳಿಯಂದಿರು 43 ಉಪಕರಣಗಳ ಪಟ್ಟಿ ಮಾಡಿಕೊಂಡಿದ್ದಾರೆ, ಅಷ್ಟೂ ಬೇಕೇ? ಇಲ್ಲಿಂದ ಮಿಕ್ಸಿ ಒಯ್ಯಬಹುದೇ ಎಂಬುದು ನಮ್ಮ ಮನೆಯವರ ಪ್ರಶ್ನೆ.
— ಓದುಗರು, ಕ್ಯಾತಸಂದ್ರ, ತುಮಕೂರು

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು. ನಾನೂ ಗುಬ್ಬಿ ಸೀಮೆಯವನೇ. ಈಜು ಕಲಿತದ್ದು ತೋಟದ ಬಾವಿಯಲ್ಲಿ, ಹೊಟ್ಟೆ ಹೊರೆದದ್ದು ಹಡಗಿನ ಎಂಜಿನ್ ಕೋಣೆಯಲ್ಲಿ. ಟ್ರಾಲರ್ ಎಂದೊಡನೆ ನಮ್ಮವರಿಗೆ ಮಲ್ಪೆ ಅಥವಾ ಮಂಗಳೂರಿನ ಧಕ್ಕೆ, ಬಲೆ, ಮೀನಿನ ವಾಸನೆ ನೆನಪಾಗುತ್ತವೆ. ಟ್ರಾಲರ್ ಯಾಟಿನಲ್ಲಿ ಬಲೆ ಇರುವುದಿಲ್ಲ. ಮೀನುಗಾರಿಕೆಯ ದೋಣಿಯ ತುಂಬು ಒಡಲನ್ನು, ನಿಧಾನವಾಗಿ ಸವೆಯುವ ಡೀಸೆಲ್ ಎಂಜಿನ್ನನ್ನು ಉಳಿಸಿಕೊಂಡು, ಒಳಗೆ ಮನೆಯಂತೆ ವಾಸಕ್ಕೆ ಅನುಕೂಲ ಮಾಡಿದ ದೋಣಿ ಅದು. 1960ರ ದಶಕದಲ್ಲಿ ಹಾಂಗ್‌ಕಾಂಗ್‌ನ ಅಮೆರಿಕನ್ ಮರೀನ್ ಕಾರ್ಖಾನೆ ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಹೆಸರಿನಲ್ಲಿ ಕಟ್ಟಿದ ದೋಣಿಗಳಿಂದ ಈ ಬಗೆ ಜನಪ್ರಿಯವಾಯಿತು. ವೇಗವನ್ನು ಇದರಿಂದ ನಿರೀಕ್ಷಿಸಬೇಡಿ. ಇಂತಹ ಒಡಲು ನೀರನ್ನು ಸರಿಸಿಕೊಂಡೇ ಮುಂದೆ ಹೋಗಬೇಕಾದ್ದರಿಂದ, ನೀರಿಗೆ ತಾಗುವ ಉದ್ದ 36 ಅಡಿ ಇದ್ದರೆ, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದಾಗ ಬರುವ 8 ನಾಟ್, ಅಂದರೆ ಗಂಟೆಗೆ ಸುಮಾರು 15 ಕಿಲೋಮೀಟರ್, ಅದರ ಸಹಜ ಮಿತಿ. ಅದಕ್ಕಿಂತ ಹೆಚ್ಚು ಓಡಿಸಲು ಹೋದರೆ ಡೀಸೆಲ್ ಸುಡುತ್ತದೆಯೇ ಹೊರತು ದಾರಿ ಸಾಗುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದೋಣಿ ಬಂದಿಳಿದ ದಿನ ಅದು ಮುಗಿದ ದೋಣಿಯಲ್ಲ. ಇರುವುದನ್ನು ಪೂರ್ಣ ಭಾರದಲ್ಲಿ ಪರೀಕ್ಷಿಸುವವರೆಗೆ ಕೊನೆಯ ಕಂತನ್ನು ಕೊಡಬಾರದು, ಪಟ್ಟಿಯಲ್ಲಿರುವ ಹೊಸದನ್ನು ಕೂರಿಸಲೂಬಾರದು.

ಕೊನೆಯ ಕಂತು ಎಷ್ಟು, ಅದು ಯಾವ ಪರೀಕ್ಷೆಯ ನಂತರ ಕೈ ಬದಲಾಗಬೇಕು ಎಂಬುದು ಕರಾರಿನಲ್ಲೇ ಇರಬೇಕು. ಇಲ್ಲದಿದ್ದರೆ ಈಗಲೇ ಸೇರಿಸಲು ಅಳಿಯಂದಿರಿಗೆ ಹೇಳಿ. ಹಣ ಕೈಸೇರಿದ ಮೇಲೆ ಮಾರಾಟಗಾರ ಎಷ್ಟೇ ಸಜ್ಜನನಾದರೂ ನಿಮ್ಮ ಕೆಲಸ ಸಾಲಿನ ಕೊನೆಗೆ ಹೋಗುತ್ತದೆ. ಮಾರಾಟಗಾರರಿಗೆ ಸಂಬಂಧವಿಲ್ಲದ ಸರ್ವೇಯರ್, ಅಂದರೆ ದೋಣಿಯನ್ನು ಪರೀಕ್ಷಿಸಿ ವರದಿ ಕೊಡುವ ತಜ್ಞ, ಒಬ್ಬರನ್ನು ನಿಮ್ಮ ಖರ್ಚಿನಲ್ಲೇ ಗೊತ್ತುಮಾಡಿಕೊಳ್ಳುವುದು ಉತ್ತಮ. ಅಮೆರಿಕದ ನಿಯಮದಂತೆ ಒಡಲಿನ ಹಿಂಬದಿಯಲ್ಲಿ ಬಲಗಡೆ ಮೇಲ್ಭಾಗದಲ್ಲಿ 12 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಕೆತ್ತಿರುತ್ತಾರೆ. ಅದು ಕ್ರಯಪತ್ರ ಮತ್ತು ವಿಮೆಯ ಕಾಗದಗಳಲ್ಲಿರುವುದಕ್ಕೆ ಒಂದಕ್ಷರವೂ ಬಿಡದೆ ತಾಳೆಯಾಗಬೇಕು. ಕಾಗದದ ಕೆಲಸ ಅಷ್ಟೇ. ಇನ್ನು ಯಂತ್ರದ ಕಡೆ ಬರೋಣ.

ದೋಣಿಯನ್ನು ನೀರಿಗಿಳಿಸಿದ ಮೇಲೆ ಡೀಸೆಲ್ ಮತ್ತು ಸಿಹಿನೀರಿನ ಟ್ಯಾಂಕುಗಳನ್ನು ಪೂರ್ತಿ ತುಂಬಿಸಿ. ಈ ಅಳತೆಯ ದೋಣಿಯಲ್ಲಿ 1,500 ಲೀಟರ್ ಡೀಸೆಲ್, 900 ಲೀಟರ್ ನೀರು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಡೀಸೆಲಿನ ಲೀಟರಿಗೆ ಸುಮಾರು 0.84 ಕಿಲೋ ಲೆಕ್ಕದಲ್ಲಿ ಎರಡೂ ಸೇರಿ ಎರಡು ಟನ್ನಿಗೂ ಮೇಲಾಯಿತು. ಖಾಲಿ ದೋಣಿಯ ಓಟವೇ ಬೇರೆ, ಈ ಭಾರ ಹೊತ್ತ ದೋಣಿಯ ಓಟವೇ ಬೇರೆ. ತುಂಬಿಸಿದ ಮೇಲೆ ದೋಣಿ ಒಂದು ಮಗ್ಗುಲಿಗೆ ವಾಲುತ್ತದೆಯೇ ಎಂದು ದಕ್ಕೆಯ ಮೇಲೆ ನಿಂತು ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಹಾಗೆಯೇ ಒಂದೆರಡು ದಿನ ನೀರಿನಲ್ಲೇ ಬಿಡಿ.

ಏಕೆಂದರೆ ನಿಮ್ಮ ಕಸುಬಿನ ಕೈಗೆ ತಕ್ಕ ಕೆಲಸ ಆಮೇಲೆ ಬರುತ್ತದೆ. ಎಂಜಿನ್ನಿನ ಗೇರ್‌ಬಾಕ್ಸೂ ಪ್ರೊಪೆಲ್ಲರಿನ ಶಾಫ್ಟೂ ಕೂಡುವಲ್ಲಿ ಎರಡು ಕಪ್ಲಿಂಗ್ ಬಿಲ್ಲೆಗಳು ಮುಖಕ್ಕೆ ಮುಖ ಕೊಟ್ಟು ಬೋಲ್ಟಿನಿಂದ ಬಿಗಿದಿರುತ್ತವೆ. ಕಾರ್ಖಾನೆಯ ನೆಲದ ಮೇಲೆ ಆಸರೆಗಳಲ್ಲಿ ಕುಳಿತಿದ್ದ ಒಡಲು ನೀರಿಗಿಳಿದ ಮೇಲೆ ಕೊಂಚ ಬಾಗುತ್ತದೆ; ಅಲ್ಲಿ ಸರಿಯಾಗಿದ್ದ ಜೋಡಣೆ ಇಲ್ಲಿ ತಪ್ಪಿರುತ್ತದೆ. ಆದ್ದರಿಂದ ತೈವಾನಿನಲ್ಲಿ ಅಳತೆ ನೋಡಿದ್ದೇವೆ ಎಂಬ ಮಾತನ್ನು ಒಪ್ಪಬೇಡಿ. ಬೋಲ್ಟುಗಳನ್ನು ಬಿಚ್ಚಿಸಿ, ಬಿಲ್ಲೆಗಳನ್ನು ಒಂದಕ್ಕೊಂದು ತಾಗುವಂತೆ ತಂದು, ಗಡಿಯಾರದ 12, 3, 6, 9ರ ಜಾಗಗಳಲ್ಲಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ಸಂದು ಎಷ್ಟಿದೆ ನೋಡಿ. ಬಿಲ್ಲೆಯ ವ್ಯಾಸದ ಪ್ರತಿ ಇಂಚಿಗೆ ಒಂದು ಥೌ (ಇಂಚಿನ ಸಾವಿರದ ಒಂದು ಭಾಗ), ಅಂದರೆ 5 ಇಂಚಿನ ಬಿಲ್ಲೆಗೆ 5 ಥೌಗಿಂತ ಹೆಚ್ಚು ವ್ಯತ್ಯಾಸ ಈ ನಾಲ್ಕು ಜಾಗಗಳ ನಡುವೆ ಇರಬಾರದೆಂಬುದು ರೂಢಿಯ ಲೆಕ್ಕ. ಮೈಕ್ರಾನಿನಲ್ಲಿ ಅದು 127. ಕೈಗಡಿಯಾರದ ಭಾಗಗಳನ್ನು ಅಳೆದ ನಿಮಗೆ ಇದು ಗಾಡಿ ಹೋಗುವಷ್ಟು ಅಗಲವೆನಿಸಬಹುದು. ಬಳಿಕ ಶಾಫ್ಟಿನ ಕಡೆಯ ಬಿಲ್ಲೆಯನ್ನು ಅರ್ಧ ಸುತ್ತು ತಿರುಗಿಸಿ ಮತ್ತೊಮ್ಮೆ ಅಳೆಯಿರಿ. ಅಗಲವಾದ ಸಂದು ಬಿಲ್ಲೆಯ ಜೊತೆಗೇ ತಿರುಗಿ ಬಂದರೆ ದೋಷ ಎಂಜಿನ್ನಿನ ಜೋಡಣೆಯದಲ್ಲ, ಬಿಲ್ಲೆ ಅಥವಾ ಶಾಫ್ಟೇ ಸೊಟ್ಟಗಿದೆ ಎಂದರ್ಥ.

ನೀರಿನಲ್ಲಿ ಓಡಿಸಿ ನೋಡುವಾಗ ಮುಖ್ಯವಾದ ಪರೀಕ್ಷೆ ಒಂದೇ. ಟ್ಯಾಂಕು ತುಂಬಿದ ದೋಣಿಯನ್ನು ಪೂರ್ತಿ ಥ್ರಾಟಲ್ ಕೊಟ್ಟು ಓಡಿಸಿದಾಗ ಎಂಜಿನ್ ತಯಾರಕರು ನಮೂದಿಸಿರುವ, ನಿಮಿಷಕ್ಕೆ ಇಷ್ಟೆಂಬ ಗರಿಷ್ಠ ಸುತ್ತುಗಳನ್ನು ಅದು ಮುಟ್ಟಬೇಕು. ಉದಾಹರಣೆಗೆ 2,600 ಎಂದು ನಮೂದಾಗಿದ್ದು ಎಂಜಿನ್ನು 2,350ಕ್ಕೇ ನಿಂತು ಕಪ್ಪು ಹೊಗೆ ಉಗುಳಿದರೆ, ಪ್ರೊಪೆಲ್ಲರಿನ ಪಿಚ್, ಅಂದರೆ ಅದರ ಎಲೆಗಳ ಓರೆ, ಅದಕ್ಕೆ ಹೆಚ್ಚಾಗಿದೆ. ಮೂರನೆಯ ಗೇರಿನಲ್ಲಿ ದೇವರಾಯನದುರ್ಗದ ಘಟ್ಟ ಹತ್ತುವ ಲಾರಿಯ ಸ್ಥಿತಿ ಅದು. ಹಾಗೆಯೇ ಬಳಸಿದರೆ ಎಂಜಿನ್ನಿನ ಆಯುಸ್ಸು ಕಡಿಮೆಯಾಗುತ್ತದೆ, ತಯಾರಕರು ವಾರಂಟಿಯನ್ನೂ ನಿರಾಕರಿಸಬಹುದು. ಖಾಲಿ ದೋಣಿಯಲ್ಲಿ ಪರೀಕ್ಷೆ ಮುಗಿಸಿದರೆ ಈ ದೋಷ ಬಯಲಾಗುವುದೇ ಇಲ್ಲ. ಮಿಕ್ಕಂತೆ ಚುಕ್ಕಾಣಿಯನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸುವುದು, ಹಿಮ್ಮುಖವಾಗಿ ಓಡಿಸುವುದು, ನೀರಿನ ಬಿಸಿ ಒಂದು ಮಟ್ಟದಲ್ಲಿ ನಿಲ್ಲುತ್ತದೆಯೇ ಎಂದು ನೋಡುವುದು, ಇವನ್ನು ಸರ್ವೇಯರ್ ತಾವಾಗಿಯೇ ಮಾಡುತ್ತಾರೆ. ಶಾಫ್ಟ್ ಒಡಲಿನಿಂದ ಹೊರಗೆ ಹೋಗುವಲ್ಲಿ ನೀರು ತಡೆಯುವ ಹಳೆಯ ಪದ್ಧತಿಯ ಸ್ಟಫಿಂಗ್ ಬಾಕ್ಸ್ ಇದ್ದರೆ ಶಾಫ್ಟ್ ತಿರುಗುವಾಗ ಅಲ್ಲಿ ಹನಿ ಹನಿಯಾಗಿ ನೀರು ಬೀಳುವುದನ್ನು ಕಂಡು ಗಾಬರಿಯಾಗಬೇಡಿ. ಆ ಹನಿಯೇ ಅದನ್ನು ತಂಪಾಗಿಡುತ್ತದೆ.

ಪರೀಕ್ಷೆಯನ್ನು ಅಲೆ ಇರುವ ದಿನವೇ ಇಟ್ಟುಕೊಳ್ಳಿ ಎನ್ನುವುದಕ್ಕೆ ಕಾರಣ ನನ್ನದೇ ತಪ್ಪು. ಮೂವತ್ತು ವರ್ಷದ ಹಿಂದೆ ಫೈಬರ್‌ಗ್ಲಾಸಿನ ಹೊಸ ಕೆಲಸದ ದೋಣಿಯೊಂದನ್ನು ಬಿಡಿಸಿಕೊಂಡು ಬರಲು ನಮ್ಮ ಕಂಪನಿ ನನ್ನನ್ನು ಒಂದು ಯಾರ್ಡಿಗೆ ಕಳಿಸಿತ್ತು. ಬೆಳಗಿನ ಕನ್ನಡಿಯಂತಹ ನೀರಿನಲ್ಲಿ ಎರಡು ಗಂಟೆ ಓಡಿಸಿದೆವು. ಎಲ್ಲವೂ ಸರಿಯಿತ್ತು, ನಾನು ಸಹಿ ಹಾಕಿದೆ. ಮರುದಿನ ಅಲೆಯ ನೀರಿಗೆ ಹೋಗಿ ನಲವತ್ತು ನಿಮಿಷ ಆಗಿರಲಿಲ್ಲ, ಎಂಜಿನ್ನಿನ ಸದ್ದು ತೂಕಡಿಸಿದಂತಾಗಿ ನಿಂತೇಹೋಯಿತು. ಡೀಸೆಲ್ ಫಿಲ್ಟರಿನ ತಳದ ಗಾಜಿನ ಬಟ್ಟಲಿಗೆ ಟಾರ್ಚ್ ಹಿಡಿದೆ. ತಿಪಟೂರಿನ ಒಣಕೊಬ್ಬರಿಯನ್ನು ಸಣ್ಣ ತುರಿಮಣೆಯಲ್ಲಿ ತುರಿದು ಹಾಕಿದಂತೆ ಬಿಳಿಯ ಚೂರುಗಳು ಡೀಸೆಲಿನಲ್ಲಿ ತೇಲುತ್ತಿದ್ದವು. ಟ್ಯಾಂಕಿಗೆ ತೂತು ಕೊರೆದಾಗ ಒಳಗೆ ಬಿದ್ದ ಫೈಬರ್‌ಗ್ಲಾಸಿನ ಹೊಟ್ಟನ್ನು ಯಾರೂ ಗುಡಿಸಿರಲಿಲ್ಲ. ಶಾಂತ ನೀರಿನಲ್ಲಿ ತಳದಲ್ಲಿ ಕುಳಿತಿದ್ದ ಅದನ್ನು ಅಲೆ ಕದಡಿ ಎಬ್ಬಿಸಿತ್ತು. ಆ ದಿನ ಒಂಬತ್ತು ಫಿಲ್ಟರ್ ಬದಲಿಸಿದೆ, ಆಗಲೇ ನನ್ನ ಸಹಿ ಕಂಪನಿಯ ಕಡತ ಸೇರಿತ್ತು. ಆದ್ದರಿಂದ ಡೀಸೆಲ್ ತುಂಬಿಸುವ ಮೊದಲೇ ಟ್ಯಾಂಕಿನ ಮುಚ್ಚಳ ತೆಗೆಸಿ ಒಳಗೆ ಒರೆಸಿಸಿ. ಮೊದಲ ಹಂತದ ಫಿಲ್ಟರಿಗೆ ನಿರ್ವಾತ ತೋರಿಸುವ ಗೇಜ್ ಇಲ್ಲದಿದ್ದರೆ ಹಾಕಿಸಿ. ಅದರ ಮುಳ್ಳು ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ ಫಿಲ್ಟರು ಕಟ್ಟಿಕೊಳ್ಳುತ್ತಿದೆ ಎಂದು ತಿಳಿಯುತ್ತದೆ.

ಈಗ 43 ಉಪಕರಣಗಳ ಪಟ್ಟಿ. ಅಳಿಯಂದಿರಿಗೆ ಬೇಸರವಾಗದಂತೆ ಹೇಳಬೇಕಾದರೆ, ಪಟ್ಟಿ ತಪ್ಪಲ್ಲ, ಅವಸರ ತಪ್ಪು. ಪ್ರತಿಯೊಂದು ಉಪಕರಣವೂ ಹೊಸ ದೋಣಿಯಲ್ಲಿ ಒಂದು ತೂತನ್ನೂ ಒಂದು ವೈರನ್ನೂ ಕೇಳುತ್ತದೆ. ನಾಳೆ ಬ್ಯಾಟರಿ ಇಳಿದರೆ ತಪ್ಪು ಕಟ್ಟಿದವರದೋ, ನೀವು ಆಮೇಲೆ ಹಾಕಿಸಿದ್ದರದೋ ಎಂಬ ಜಗಳಕ್ಕೆ ಕೊನೆಯೇ ಇರುವುದಿಲ್ಲ. ಮೇಲ್ಮಾಳಿಗೆಯ ಮೇಲೆ ಕೂರಿಸುವ ಪ್ರತಿ ಕಿಲೋ ದೋಣಿಯ ಓಲಾಟವನ್ನೂ ಬದಲಿಸುತ್ತದೆ. ಎಂಜಿನ್ನು ಮೊದಲ 50 ಗಂಟೆ ಓಡಿ ಎಣ್ಣೆ ಬದಲಾಗುವವರೆಗೆ ಜೀವರಕ್ಷಣೆಯ ಸಾಮಾನು ಮತ್ತು ಲಂಗರು, ಇವೆರಡನ್ನು ಬಿಟ್ಟು ಬೇರೇನೂ ಬೇಡ ಎಂಬುದು ನನ್ನ ಸಲಹೆ. ಆ ಕಡೆಯ ಸಮುದ್ರ ಬೇಸಗೆಯಲ್ಲೂ ಕೈ ಮರಗಟ್ಟುವಷ್ಟು ತಣ್ಣಗಿರುತ್ತದೆ; ಆದ್ದರಿಂದ ಎಲ್ಲರ ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್, ಬೆಂಕಿ ಆರಿಸುವ ಸಿಲಿಂಡರ್, ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆ, ದೋಣಿಯ ಒಂಬತ್ತು ಅಂಕಿಯ ಗುರುತಿನ ಸಂಖ್ಯೆಯನ್ನು ತುಂಬಿಸಿದ, ಬೇರೆ ದೋಣಿಗಳೊಡನೆ ಮಾತಾಡುವ ವಿಎಚ್ಎಫ್ ರೇಡಿಯೋ ಮೊದಲ ದಿನವೇ ಬೇಕು. ಮುಳುಗುವ ಹೊತ್ತಿನಲ್ಲಿ ಉಪಗ್ರಹಕ್ಕೆ 406 ಮೆಗಾಹರ್ಟ್ಸ್ ಸಂಕೇತ ಕಳಿಸುವ ಎಪರ್ಬ್ ಕೊಂಡರಷ್ಟೇ ಸಾಲದು, ಅದನ್ನು ಮಾಲೀಕರ ಹೆಸರಿನಲ್ಲಿ ನೋಂದಾಯಿಸಲೇಬೇಕು.

ಲಂಗರಿನ ಸರಪಳಿಯನ್ನು ಮಾರಾಟಗಾರರು ಕೊಟ್ಟಷ್ಟಕ್ಕೇ ಬಿಡಬೇಡಿ. ಸಿಯಾಟಲ್ ಸುತ್ತಿನ ಕೊಲ್ಲಿಗಳಲ್ಲಿ ಭರತ ಮತ್ತು ಇಳಿತದ ನಡುವೆ ಮೂರು ಮೀಟರಿಗೂ ಹೆಚ್ಚು ಅಂತರವಿರುತ್ತದೆ. ಇಳಿತದಲ್ಲಿ ನೀರು 6 ಮೀಟರ್, ಭರತ ಸೇರಿಸುವುದು 3.5, ನೀರಿನಿಂದ ದೋಣಿಯ ಮೂತಿಯ ಎತ್ತರ 1.5, ಒಟ್ಟು 11 ಮೀಟರ್. ಅದರ ಐದು ಪಟ್ಟು, ಅಂದರೆ 55 ಮೀಟರ್ ಸರಪಳಿ ಬಿಟ್ಟರೆ ರಾತ್ರಿ ನಿದ್ದೆ ಬರುತ್ತದೆ. ಗಾಳಿ ಇದ್ದರೆ ಏಳು ಪಟ್ಟು. 90 ಮೀಟರಿಗೆ ಕಡಿಮೆ ಇಲ್ಲದಂತೆ ಕೇಳಿ. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವನ್ನು ಪಟ್ಟಿಯಿಂದ ತೆಗೆಯಿರಿ, ಆ ಕರಾವಳಿಯಲ್ಲಿ ಸಿಹಿನೀರು ಸಿಗುವ ದಕ್ಕೆಗಳಿಗೆ ಕೊರತೆಯಿಲ್ಲ. ಎರಡನೆಯ ರಡಾರ್ ಪರದೆಯೂ ಬೇಡ. ಅಲ್ಲಿ ನಿಜವಾದ ಅಪಾಯ ನೀರಿನ ಮಟ್ಟದಲ್ಲಿ ಅರ್ಧ ಮುಳುಗಿ ತೇಲುವ ಮರದ ದಿಮ್ಮಿಗಳು. ಅವನ್ನು ಯಾವ ರಡಾರೂ ನಂಬುವಂತೆ ತೋರಿಸುವುದಿಲ್ಲ, ಹಗಲು ಹೊತ್ತಿನಲ್ಲಿ ಮುಂದೆ ನೋಡುತ್ತಾ ಕೂರುವ ಮಾವನವರು ತೋರಿಸುತ್ತಾರೆ.

ಮಿಕ್ಸಿಯ ವಿಷಯ. ನಮ್ಮ ಮಿಕ್ಸಿ 230 ವೋಲ್ಟಿನದು, 50 ಹರ್ಟ್ಸಿನದು. ಅಲ್ಲಿನ ದೋಣಿಯ ಪ್ಲಗ್ಗಿನಲ್ಲಿ ಬರುವುದು 120 ವೋಲ್ಟ್, 60 ಹರ್ಟ್ಸ್. ಒಯ್ಯಬೇಡಿ, ಅಲ್ಲಿನ ವೋಲ್ಟಿಗೆ ತಯಾರಾದ ನಮ್ಮದೇ ಬಗೆಯ ಮಿಕ್ಸಿ ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಬ್ಯಾಟರಿಗೆ ಹೊರೆಯಾದೀತೆಂದು ಅಳಿಯಂದಿರು ಗೊಣಗಿದರೆ ಈ ಲೆಕ್ಕ ತೋರಿಸಿ: 750 ವ್ಯಾಟಿನ ಮಿಕ್ಸಿ ಐದು ನಿಮಿಷ ತಿರುಗಿದರೆ, ಇನ್ವರ್ಟರಿನ ನಷ್ಟವೂ ಸೇರಿ, 12 ವೋಲ್ಟಿನ ಬ್ಯಾಟರಿಯಿಂದ ಹೋಗುವುದು 6 ಆಂಪಿಯರ್-ಗಂಟೆಯಷ್ಟು. ಅವರ ಫ್ರಿಜ್ ದಿನಕ್ಕೆ ಅದರ ಹಲವು ಪಟ್ಟು ತಿನ್ನುತ್ತದೆ.

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ನೀವು, ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪನ್ನು ನಂಬಿ ಸಮುದ್ರಕ್ಕೆ ಹೋಗಬಾರದು ಎಂದು ಬರೆದಿದ್ದೀರಿ. ನಾನು ಚಿನ್ನದ ಗಣಿಯಲ್ಲಿ ನೀರೆತ್ತುವ ಪಂಪುಗಳ ಮೇಲೆ ಕೆಲಸ ಮಾಡಿದವನು. ಪಂಪು ದೊಡ್ಡದಾಗಿದ್ದರೆ ಏಕೆ ನಂಬಬಾರದು?
— ಓದುಗರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉತ್ತರ: 2001ರಲ್ಲಿ ಗಣಿ ಮುಚ್ಚುವವರೆಗೆ ಮೂರು ಕಿಲೋಮೀಟರಿಗೂ ಆಳದ ನೆಲದೊಳಗೆ ನೀರಿನೊಂದಿಗೆ ಹೆಣಗಿದ ಊರಿನವರಿಗೆ ಪಂಪಿನ ಪಾಠ ಹೇಳುವ ಧೈರ್ಯ ನನಗಿಲ್ಲ, ಲೆಕ್ಕವನ್ನಷ್ಟೇ ಮುಂದಿಡುತ್ತೇನೆ. ನೀರಿನ ಮಟ್ಟಕ್ಕಿಂತ ಎರಡಡಿ ಕೆಳಗೆ ಒಂದೂವರೆ ಇಂಚಿನ ಕೊಳವೆಯೊಂದು ಕಳಚಿದರೆ ನಿಮಿಷಕ್ಕೆ 150ರಿಂದ 230 ಲೀಟರ್ ನೀರು ಒಳಗೆ ನುಗ್ಗುತ್ತದೆ. ಮನೆಗೆ ತರಿಸುವ 20 ಲೀಟರಿನ ಕ್ಯಾನನ್ನು ಆರೇಳು ಸೆಕೆಂಡಿಗೊಂದರಂತೆ ಸುರಿದ ಹಾಗೆ. ಗಂಟೆಗೆ 2,000 ಗ್ಯಾಲನ್ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಪಂಪು ಅಮೆರಿಕದ ಗ್ಯಾಲನ್ ಲೆಕ್ಕದಲ್ಲಿ ನಿಮಿಷಕ್ಕೆ 126 ಲೀಟರ್ ಎತ್ತಬೇಕು. ಆದರೆ ಆ ಅಂಕಿ ಎತ್ತರವೇ ಇಲ್ಲದ ಮೇಜಿನ ಮೇಲಿನದು. ನಾಲ್ಕಡಿ ಎತ್ತರ, ಸುಕ್ಕುಸುಕ್ಕಿನ ಪೈಪು, ಇಳಿದ ಬ್ಯಾಟರಿ ಸೇರಿದರೆ ಅದರ ಅರ್ಧ ಸಿಕ್ಕರೆ ಪುಣ್ಯ. ಪಂಪನ್ನು ಇನ್ನೂ ದೊಡ್ಡದು ಮಾಡುತ್ತಾ ಹೋದರೆ ಅದಕ್ಕೆ ತಕ್ಕ ವೈರು, ಬ್ಯಾಟರಿಗಳನ್ನೂ ದೊಡ್ಡದು ಮಾಡಬೇಕು, ಆ ಬ್ಯಾಟರಿಗಳೇ ನೀರಿನಲ್ಲಿ ಮುಳುಗುವ ಮೊದಲ ವಸ್ತುಗಳು.

ಆದ್ದರಿಂದ ಹಣವನ್ನು ಪಂಪಿಗಿಂತ ಮೊದಲು, ನೀರು ಏರಿದ್ದನ್ನು ಕೂಗಿ ಹೇಳುವ ಅಲಾರಮಿಗೆ ಕೊಡಿ. ಒಡಲಿಗೆ ತೂತು ಮಾಡಿ ಕೂರಿಸಿದ ಪ್ರತಿ ವಾಲ್ವಿನ ಪಕ್ಕದಲ್ಲೂ ಅದರ ಅಳತೆಗೆ ತಕ್ಕಂತೆ ಒಂದು ತುದಿ ಚೂಪಾಗಿ ಕಡೆದ ಮೆದುಮರದ ಬಿರಡೆಯೊಂದನ್ನು ದಾರದಲ್ಲಿ ಕಟ್ಟಿಡಿ. ಕತ್ತಲಲ್ಲಿ, ಮೊಣಕಾಲು ಮಟ್ಟದ ನೀರಿನಲ್ಲಿ ಕೈಗೆ ಮೊದಲು ಸಿಗಬೇಕಾದದ್ದು ಆ ಬಿರಡೆ. ಸುತ್ತಿಗೆಯನ್ನೂ ಅಲ್ಲೇ ಒಂದು ಮೊಳೆಗೆ ತಗುಲಿಹಾಕಿರಿ.