ಕಾಲಿಡದ ಊರಿನ ಚಿತ್ರ ಕಂಡರೆ ಕರುಳು ಚುರ್ ಅನ್ನುವುದೇಕೆ?

ನೀವು ಬೆಳೆದದ್ದು ಪುಣೆಯಲ್ಲಿ, ಅಜ್ಜನ ಊರು ಕಲಬುರಗಿ ಜಿಲ್ಲೆಯ ಚಿತ್ತಾಪುರ ಕಡೆ. ಅಲ್ಲಿಗೆ ಹೋಗದಿದ್ದರೂ ಆ ಸೀಮೆಯ ನಿಸರ್ಗಚಿತ್ರ ಯಾಕೆ ಹಿಡಿದು ನಿಲ್ಲಿಸುತ್ತದೆ ಅಂತ ಕೇಳಿದ್ದೀರಿ. ನನಗನಿಸುವಂತೆ ಕಾರಣ ಮನೆಮಾತು. ಎರಿ ಹೊಲ, ಕಾಗಿಣಾ ಹೊಳಿ, ಪರ್ಸಿ (ಚಪ್ಪಡಿ ಕಲ್ಲು) ಹಾಸಿದ ಅಂಗಳ ಅಂತ ಕೇಳುತ್ತಲೇ ಬೆಳೆದಿರುತ್ತೀರಿ. ಆ ಪದಗಳಿಗೆ ಬಣ್ಣ ಸಿಗುವುದು ಚಿತ್ರದಲ್ಲಿ.

ಬಣ್ಣ ಸರಿಯಾಗಿದ್ದರೆ ಮಾತ್ರ, ಅನ್ನಿ. ಚಿತ್ತಾಪುರದ ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಬೀದರ್ ಕೋಟೆಯ ಸುತ್ತ ಕೆಂಪು ಜಂಬಿಟ್ಟಿಗೆ ನೆಲ. ಇವನ್ನು ಅದಲುಬದಲು ಮಾಡಿದರೆ ಊರವರು ‘ಇದು ನಮ್ಮದಲ್ಲ’ ಅಂದುಬಿಡುತ್ತಾರೆ. ತೊಗರಿ ಹೂವಿನ ಹಳದಿ, ಶಹಾಬಾದ್ ಕಲ್ಲಿನ ಬೂದು, ಮೇ ಬಿಸಿಲಿಗೆ ನೀಲಿ ಕಳೆದುಕೊಂಡ ಆಕಾಶ, ಇಷ್ಟೇ ಸಾಕು.

ಕಲಬುರಗಿಯ ಕಲಾವಿದ ಎಸ್. ಎಂ. ಪಂಡಿತರ (1916–1993) ಪುರಾಣ ಚಿತ್ರಗಳಲ್ಲಿ ಕಣ್ಣು ಮೊದಲು ಹೋಗುವುದು ವ್ಯಕ್ತಿಗಳ ಮೇಲೆ. ನಿಸರ್ಗಚಿತ್ರದಲ್ಲಿ ಎಷ್ಟೋ ಸಲ ವ್ಯಕ್ತಿಗಳೇ ಇರುವುದಿಲ್ಲ. ಬಯಲುಸೀಮೆ ಬೇರೆ, ಕಲಾವಿದ ದಿಗಂತವನ್ನು ಕೆಳಗಿಳಿಸಿ ಮುಕ್ಕಾಲು ಪಾಲು ಆಕಾಶಕ್ಕೇ ಬಿಡಬಹುದು. ಆ ಖಾಲಿಯಲ್ಲಿ ನಿಮ್ಮ ಅಜ್ಜನನ್ನು ನಿಲ್ಲಿಸಿಕೊಳ್ಳುವವರು ನೀವೇ.

ಚಿತ್ರವನ್ನೊಮ್ಮೆ ಮನೆಯ ಹಿರಿಯರಿಗೆ ತೋರಿಸಿ. ‘ಇಲ್ಲೊಂದು ಬೇವಿನ ಗಿಡ ಇತ್ತಲ್ಲ’ ಅಂತ ಶುರುವಾಗುತ್ತದೆ.